ಜುನೂನಿಗೆ ನಾವು ತೊಡಿಸಿದ ಕಿರೀಟ

ಉರ್ದು ಗಜಲ್‌ಗಳನ್ನು ಓದಿ ಬೆಳೆದ ನಮಗೆ 'ಜುನೂನ್' ಎಂಬುದು ಕಾಯಿಲೆಯ ಹೆಸರಾಗಿ ಕೇಳಿಸಲೇ ಇಲ್ಲ. ಜಿನ್ ಮೆಟ್ಟಿದವನು ಎಂಬುದೇ 'ಮಜ್ನೂನ್' ಪದದ ಮೂಲಾರ್ಥ. ಆದರೆ ಕವಿಗಳು ಅವನಿಗೆ ಕಿರೀಟ ತೊಡಿಸಿ, ಬುದ್ಧಿವಂತರಿಗಿಂತ ಎತ್ತರದಲ್ಲಿ ಕೂರಿಸಿದರು.

ಕನ್ನಡದಲ್ಲಿ ನಮಗೆ ಸಿಕ್ಕಿದ್ದು ತ್ರಿವೇಣಿಯವರ 'ಶರಪಂಜರ'. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಗುಣವಾಗಿ ಮರಳಿದರೂ ಗಂಡನಾಗಲಿ ನೆರೆಹೊರೆಯಾಗಲಿ ಅದನ್ನು ನಂಬುವುದಿಲ್ಲ. ಈ ಕ್ರೌರ್ಯವನ್ನು ಕಾಣಿಸಿದ್ದು ಕೃತಿಯ ದೊಡ್ಡಸ್ತಿಕೆ. ಆದರೆ ಕಾಯಿಲೆಯ ಬೇರನ್ನು ಹಳೆಯ ಪ್ರಸಂಗವೊಂದರ ಪಾಪಪ್ರಜ್ಞೆಯಲ್ಲಿ ಹುಡುಕಿದ್ದು ಅದರ ಮಿತಿ. ಬಾಣಂತಿಯರನ್ನು ಕಾಡುವ ಇಂಥ ತೀವ್ರ ಮನೋರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಹತ್ತಿರದ ನಂಟಿದೆ ಎಂಬುದು ಇಂದಿನ ವೈದ್ಯಕೀಯದ ಅರಿವು.

ಉರ್ದುವಿನ ಕಿರೀಟದಲ್ಲೂ ಕನ್ನಡದ ಪಾಪಪ್ರಜ್ಞೆಯಲ್ಲೂ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಉನ್ಮಾದದ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ಎಲ್ಲಿ ಕೈಕೊಡುತ್ತದೆ?

ಶಿಡ್ಲಘಟ್ಟದಲ್ಲಿ ನಮ್ಮ ಪರಿಚಯದ ರೀಲರ್ ಒಬ್ಬರಿದ್ದಾರೆ. ಗೂಡನ್ನು ಅಂಗೈಯಲ್ಲಿ ಹಿಡಿದೇ ಎಷ್ಟು ರೇಷ್ಮೆ ಬಂದೀತೆಂದು ಹೇಳುವವರು. ಒಂದು ಬೇಸಗೆಯಲ್ಲಿ ಅವರಿಗೆ ನಿದ್ದೆಯೇ ಬೇಡವಾಯಿತು. ಚಿಕ್ಕಬಳ್ಳಾಪುರದಲ್ಲಿ ಮಳಿಗೆ, ಗೌರಿಬಿದನೂರಿನಲ್ಲಿ ಕಾರ್ಖಾನೆ, ಚಿಂತಾಮಣಿಯಲ್ಲಿ ಶಾಲೆ ಎಂದು ಮಾತುಮಾತಿಗೂ ಯೋಜನೆ. "ಎಷ್ಟು ಚುರುಕಾಗಿದ್ದಾರೆ!" ಎಂದಿತು ಊರು. ಹರಾಜಿನಲ್ಲಿ ಒಂದು ಲಾಟಿನ ಬೆಲೆ ಮುಂದಿನ ಲಾಟಿಗೆ ಹೋಗುವಷ್ಟರಲ್ಲಿ ಅವರಿಗೆ ಮರೆತುಹೋಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಮನೆಯವರು ಮೊದಲು ಹಿಂದೂಗಳೂ ಮುಸ್ಲಿಮರೂ ಹರಕೆ ಹೊರುವ ಮುರುಗಮಲ್ಲದ ದರ್ಗಾಕ್ಕೆ, ಆಮೇಲೆ ಬೆಂಗಳೂರಿನ ಮನೋವೈದ್ಯರ ಬಳಿಗೆ ಕರೆದೊಯ್ದರು.

ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾವೊಂದು ಕತೆ ಬರೆದೆವು. ನಮ್ಮ ನಾಯಕ ಲೋಕದ ಸುಳ್ಳುಗಳನ್ನೆಲ್ಲ ಒಂದೇ ನೋಟಕ್ಕೆ ಕಾಣುವ ದೀವಾನ. ಗುಣವಾದ ಮೇಲೆ ಅವರು ಅದನ್ನು ಓದಿ ಹೇಳಿದರು: "ಭಾಯ್, ನನ್ನನ್ನು ಔಲಿಯಾ ಮಾಡಿಬಿಟ್ಟಿದ್ದೀರಿ. ಆಗ ನನಗೆ ಒಂದು ಮಗ್ಗಿಯೂ ಕೊನೆ ಮುಟ್ಟುತ್ತಿರಲಿಲ್ಲ."

ಅದಕ್ಕಿಂತ ಸರಿಯಾದ ವಿಮರ್ಶೆ ನಮ್ಮ ಕತೆಗೆ ಸಿಕ್ಕಿಲ್ಲ. ಬಿಸಿನೀರಿನಲ್ಲಿ ಹಲವು ಗೂಡುಗಳ ಎಳೆ ಕೂಡಿದರೆ ನೂಲು. ಎಲ್ಲವೂ ಒಟ್ಟಿಗೆ ಬಿಚ್ಚಿಕೊಂಡು ಯಾವುದೂ ಕೂಡದಿದ್ದರೆ ಸಿಕ್ಕು. ಉನ್ಮಾದವೂ ಹಾಗೆಯೇ. ಯೋಚನೆಗಳಿಗೆ ಬರವಿಲ್ಲ, ಆದರೆ ಗಮನ ಒಂದೆಡೆ ನಿಲ್ಲದು, ಈಗ ಕೇಳಿದ್ದು ಉಳಿಯದು, 'ಬೇಡ' ಎಂದು ತಡೆಯುವ ವಿವೇಕ ಸಡಿಲಗೊಳ್ಳುತ್ತದೆ. ಆದರೂ ತನ್ನ ಬುದ್ಧಿ ಎಂದಿಗಿಂತ ಹರಿತವಾಗಿದೆ ಎಂದೇ ಆ ವ್ಯಕ್ತಿಗೆ ಅನ್ನಿಸುತ್ತಿರುತ್ತದೆ. ಕೆಲವರಲ್ಲಿ ಉನ್ಮಾದ ಇಳಿದ ಮೇಲೂ ಈ ತೊಡಕು ಅಷ್ಟಿಷ್ಟು ಉಳಿಯುತ್ತದೆ. ಜನ ಅದನ್ನು ಸೋಮಾರಿತನ ಎಂದುಬಿಡುತ್ತಾರೆ.

ಕತೆ ಹೇಗಿದ್ದರೇನು ಎನ್ನುವಂತಿಲ್ಲ. ಹುಚ್ಚರಿಗೆ ಬುದ್ಧಿಯೇ ಇಲ್ಲವೆಂದುಕೊಂಡವರು ಸರಪಳಿ ಹಾಕುತ್ತಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ಮನೋರೋಗಿಗಳನ್ನು ಸರಪಳಿಯಲ್ಲಿಟ್ಟಿದ್ದ ತಾಣಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರಲ್ಲಿ ವಿಶೇಷ ಬುದ್ಧಿಯಿದೆ ಎಂದುಕೊಂಡವರು ಚಿಕಿತ್ಸೆಯನ್ನು ತಡಮಾಡುತ್ತಾರೆ. ಆ ಬೇಸಗೆಯಲ್ಲಿ ನಾವೂ ನಮ್ಮ ಊರೂ ಮಾಡಿದ್ದು ಇದನ್ನೇ.

ಆ ರೀಲರ್ ಈಗ ಮತ್ತೆ ಮಾರುಕಟ್ಟೆಗೆ ಬರುತ್ತಾರೆ. ಪ್ರತಿ ಲಾಟಿನ ಬೆಲೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ನಮ್ಮ ಕತೆಯಲ್ಲಿ ಆ ಚೀಟಿ ಇರಲಿಲ್ಲ.