ಗ್ರೀಸು ಮೊದಲು, ಲೈಟು ಆಮೇಲೆ

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆ ಹೊರಟ ಗಾಡಿಗೆ ಸಿಗುವುದು ಬಂಡೆ, ಗರಸು, ಮಸಾರಿ ನೆಲ. ಹರಪನಹಳ್ಳಿ ಬಿಟ್ಟು ಹೂವಿನಹಡಗಲಿಯತ್ತ, ತುಂಗಭದ್ರೆಯ ದಡದ ಕಡೆಗೆ ಇಳಿದಂತೆ ಎರೆಹೊಲಗಳು ಶುರುವಾಗುತ್ತವೆ. ಹಗರಿಬೊಮ್ಮನಹಳ್ಳಿಯ ಬದಿಯಲ್ಲಿ ಚಿಕ್ಕಹಗರಿಯ ಉಸುಕು. ಇನ್ನೂ ಮುಂದೆ ಹೋದರೆ, ತುಂಗಭದ್ರಾ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಸರಿದ ಮೇಲೆ ಉಳಿಯುವ ಹೂಳು. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಕೊಟ್ಟೂರಿನ ಸುತ್ತ ಕೆಂಪೂ ಕಪ್ಪೂ ಬೆರೆತ ಹೊಲಗಳು. ಎಲ್ಲ ಕಡೆಗೂ ಸಮಾನವಾಗಿ ಹಂಚಿಕೆಯಾಗಿರುವುದು ಬಳ್ಳಾರಿ ಜಾಲಿಯ ಮುಳ್ಳು.

2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಫೋರ್ ವೀಲ್ ಗಾಡಿ ಇಟ್ಟುಕೊಂಡವರು ಎರಡು ಬಗೆ. ಹೊಲ, ಕ್ವಾರಿ, ತೋಟದ ಕೆಲಸಕ್ಕೆಂದು ಹಳೆಯ ಮಹೀಂದ್ರ ಜೀಪನ್ನು ಓಡಿಸುತ್ತ ಬಂದವರು ಒಂದು ಕಡೆ. ಹೊಸ ಥಾರ್ ಕೊಂಡ ಯುವಕರು ಇನ್ನೊಂದು ಕಡೆ. ಇಬ್ಬರೂ ಗಾಡಿಯನ್ನು ಪ್ರೀತಿಸುವವರೇ. ಆದರೆ ಗಾಡಿ ಕೈಗೆ ಬಂದ ಕೂಡಲೇ ಹಣ ಹೋಗುವುದು ಬಾನೆಟ್ ಮೇಲಿನ ಲೈಟ್ ಪಟ್ಟಿಗೆ, ಮಡ್‌ಗಾರ್ಡಿನಿಂದ ಹೊರಗೆ ಚಾಚುವ ದಪ್ಪ ಟೈರಿಗೆ, ಗಾಡಿಯನ್ನು ಎತ್ತರಿಸುವ ಕಿಟ್ಟಿಗೆ. ಈ ಸೀಮೆಯ ನೆಲ ಕೇಳುವುದು ಬೇರೆಯದನ್ನು. ಗ್ರೀಸ್ ಗನ್, ಒಂದು ಸೆಟ್ ಪಾನಾ, ಎರಡು ಮೀಟರ್ ರಬ್ಬರ್ ಪೈಪು ಮತ್ತು ಒಂದು ಭಾನುವಾರದ ಬೆಳಗು ಸಿಕ್ಕರೆ ಇಲ್ಲಿನ ಗಾಡಿಯನ್ನು ಮೇಲ್ದರ್ಜೆಗೇರಿಸುವ ಕೆಲಸದಲ್ಲಿ ಬಹುಪಾಲು ಮನೆಯಂಗಳದಲ್ಲೇ ಮುಗಿಯುತ್ತದೆ.

ಆ ಕೆಲಸದ ಕೈಚಳಕ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದಲ್ಲ. ಟ್ರಾಕ್ಟರ್ ಇರುವ ಮನೆಯಲ್ಲಿ ಅದು ಆಗಲೇ ಇದೆ. ಜೀಪಿಗೂ ಟ್ರಾಕ್ಟರಿಗೂ ಇರುವುದು ರಕ್ತಸಂಬಂಧವೇ. 1940ರ ದಶಕದ ಕೊನೆಗೆ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ ಮಹೀಂದ್ರ, 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ಸೇರಿ ಟ್ರಾಕ್ಟರ್ ತಯಾರಿಕೆಗೆ ಇಳಿಯಿತು. ಬಿ-275 ಟ್ರಾಕ್ಟರಿನ ಎಂಜಿನ್ ವಂಶದ 2350 ಸಿಸಿ ಡೀಸೆಲ್ ಎಂಜಿನ್ನೇ ಮುಂದೆ ಜೀಪಿನ ಬಾನೆಟ್ಟಿನೊಳಗೆ ಕೂತಿತು. ಎಂಎಂ-540 ಬಂದಾಗ ಅದರಲ್ಲಿದ್ದದ್ದು ಪ್ಯೂಜೋ ಮೂಲದ 2112 ಸಿಸಿ ಎಂಜಿನ್. ಆದರೆ ಆಮೇಲಿನ 2523 ಸಿಸಿ ಡಿಐ ಎಂಜಿನ್ 2010ರ ಥಾರ್‌ನ ಅಗ್ಗದ ಮಾದರಿಯವರೆಗೂ ಉಳಿಯಿತು. ಇವುಗಳಲ್ಲಿ ಕಂಪ್ಯೂಟರ್ ಇಲ್ಲ. ಡೀಸೆಲ್ ಬತ್ತಿ ಏರ್ ಹಿಡಿದರೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಹೊರಬಿಟ್ಟರಾಯಿತು. ಟ್ರಾಕ್ಟರಿಗೆ ಮಾಡುವುದೂ ಅದನ್ನೇ.

ಮೊದಲ ಶತ್ರು ಧೂಳು. ಸಂಡೂರಿನ ಅದಿರಿನ ಬೆಟ್ಟಗಳು ಕೂಡ್ಲಿಗಿ ತಾಲ್ಲೂಕಿನ ಗಡಿಗೆ ತಾಗಿಕೊಂಡೇ ಇವೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಿ ಅದಿರು ಲಾರಿಗಳ ಹಿಂದೆ ಗಾಡಿ ಓಡಿಸಿದವರಿಗೆ ಆ ಕೆಂಪು ಹಿಟ್ಟು ಎಲ್ಲೆಲ್ಲಿ ನುಗ್ಗುತ್ತದೆ ಎಂದು ಗೊತ್ತು. ಅದಿರು ಹುಡಿ ಬಲು ನುಣುಪು, ಬಲು ಗಡಸು. ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ಪಿಸ್ಟನ್ ರಿಂಗುಗಳನ್ನೂ ಲೈನರನ್ನೂ ಸಾಣೆ ಹಿಡಿದಂತೆ ಸವೆಸುತ್ತದೆ. ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ, ಹೊಗೆ ನೀಲಿಯಾಗುತ್ತದೆ, ಬೋರ್ ಮಾಡಿಸಬೇಕಾದ ದಿನ ಬೇಗ ಬರುತ್ತದೆ.

ಹಳೆಯ ಡೀಸೆಲ್ ಜೀಪುಗಳ ಬಹುಪಾಲಿಗೆ ಟ್ರಾಕ್ಟರಿನಂತೆಯೇ ಆಯಿಲ್ ಬಾತ್ ಏರ್ ಕ್ಲೀನರ್ ಇತ್ತು. ಗಾಳಿ ಕೆಳಗಿನ ಬಟ್ಟಲಿನ ಎಣ್ಣೆಗೆ ಬಡಿದು ತಿರುಗುವಾಗ ಧೂಳು ಎಣ್ಣೆಯಲ್ಲಿ ಉಳಿದುಬಿಡುತ್ತದೆ. ಸರಳವಾದ, ದೀರ್ಘ ಕಾಲ ಬಾಳುವ ಏರ್ಪಾಡು, ನೋಡಿಕೊಂಡರೆ ಮಾತ್ರ. ಬಟ್ಟಲಿನ ತಳದಲ್ಲಿ ಕೆಸರು ಕೂತರೆ ಎಣ್ಣೆಯ ಮಟ್ಟ ಗುರುತಿನವರೆಗೆ ಇದ್ದರೂ ಕೆಲಸಕ್ಕಿಲ್ಲ. ಕ್ಲಿಪ್ಪು ಬಿಚ್ಚಿ, ಬಟ್ಟಲು ಖಾಲಿ ಮಾಡಿ, ಒಳಗಿನ ತಂತಿಜಾಲರಿಯನ್ನು ಡೀಸೆಲ್ಲಿನಲ್ಲಿ ತೊಳೆದು ಆರಿಸಿ, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಗುರುತು ಮೀರಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರ್ ಇರುವ ಗಾಡಿಯವರು ಅದನ್ನು ನೆಲಕ್ಕೆ ಬಡಿಯುವ ಅಭ್ಯಾಸ ಬಿಡಬೇಕು. ಪಂಚರ್ ಅಂಗಡಿಯ ಗಾಳಿಯನ್ನು ಹೊರಗಿನಿಂದ ಒಳಕ್ಕೆ ಹೊಡೆದರೆ ಧೂಳು ಕಾಗದದ ನೂಲಿನೊಳಗೆ ಇನ್ನಷ್ಟು ಆಳಕ್ಕೆ ಕೂರುತ್ತದೆ. ಹೊಡೆಯುವುದಿದ್ದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿರಿದಿದ್ದರೆ ಫಿಲ್ಟರ್ ಎಷ್ಟು ಶುಚಿಯಾಗಿದ್ದರೂ ಫಲವಿಲ್ಲ. ಹೋಸಿನ ಒಳಮೈಗೆ ಬೆರಳಾಡಿಸಿದಾಗ ಕೆಂಪು ಹತ್ತಿತೆಂದರೆ ಸೋರುವ ಜಾಗ ಹುಡುಕಲೇಬೇಕು. ಟರ್ಬೊ ಇರುವ ಹೊಸ ಗಾಡಿಗಳಲ್ಲಿ ಮೊದಲ ಪೆಟ್ಟು ಟರ್ಬೊದ ರೆಕ್ಕೆಗೆ, ಅದರ ಬೆಲೆ ರಿಂಗ್ ಸೆಟ್ಟಿಗಿಂತ ಹೆಚ್ಚು.

ಮುಂದಿನ ಆಕ್ಸಲ್ ವಿಚಾರದಲ್ಲಿ ತುಸು ನಿಧಾನಿಸಬೇಕು, ಏಕೆಂದರೆ ಹಳೆಯ ಜೀಪು ಮಾರಿದವರಲ್ಲಿ ಎಷ್ಟೋ ಜನ ಮಾರಿದ್ದು ವಾಬ್ಲಿಂಗಿಗೆ ಹೆದರಿ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಐವತ್ತರ ವೇಗ ಮುಟ್ಟುತ್ತಲೇ ಒಂದು ಸಣ್ಣ ಗುಂಡಿಗೆ ಚಕ್ರ ಇಳಿದದ್ದೇ ನೆಪ, ಸ್ಟೇರಿಂಗ್ ಕೈಯಲ್ಲಿ ನಿಲ್ಲದಂತೆ ಅದುರತೊಡಗುತ್ತದೆ; ಗಾಡಿ ಪೂರ್ತಿ ನಿಧಾನವಾಗುವ ತನಕ ನಿಲ್ಲುವುದಿಲ್ಲ. ಇದಕ್ಕೆ ಸ್ಟೇರಿಂಗ್ ಡ್ಯಾಂಪರ್ ಕೂರಿಸಿ ಕೈತೊಳೆದುಕೊಳ್ಳುವುದು ರೂಢಿ. ಡ್ಯಾಂಪರ್ ಅದುರನ್ನು ಮುಚ್ಚುತ್ತದೆ, ಸವೆತ ಹಾಗೆಯೇ ಇರುತ್ತದೆ.

ಕಾರಣ ಹುಡುಕುವುದು ಮನೆಯಲ್ಲೇ ಸಾಧ್ಯ. ಜಾಕಿ ಹಚ್ಚಿ ಮುಂದಿನ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಆಧಾರ ಕೊಟ್ಟು, ಟೈರನ್ನು ಎಡಬಲಕ್ಕೆ ಹಿಡಿದು ಅಲುಗಿಸಬೇಕು. ಆಟ ಇದ್ದರೆ ಟೈ ರಾಡ್ ಎಂಡ್ ಕಡೆ ನೋಡಬೇಕು. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ದೋಷ ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ ಆಗಿರಬಹುದು. ಆಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ಬೇರಿಂಗು. ಹಾಗೇ ಉಳಿದರೆ ಕಿಂಗ್ ಪಿನ್ನು. ಹಳೆಯ ಜೀಪಿನ ಕಿಂಗ್ ಪಿನ್ ಮುಚ್ಚಳದಡಿ ತೆಳುವಾದ ಶಿಮ್‌ಗಳಿರುತ್ತವೆ. ಬೇರಿಂಗ್ ಇನ್ನೂ ಚೆನ್ನಾಗಿದ್ದರೆ ಒಂದೊಂದೇ ಶಿಮ್ ತೆಗೆದು ಬಿಗಿ ತರಬಹುದು. ಎಡಕ್ಕೂ ಬಲಕ್ಕೂ ಒಂದೇ ಬಿಗಿ ಇರಬೇಕು, ಚಕ್ರ ತಿರುಗಿಸಲು ಒರಟಾಗಬಾರದು. 2010ರ ಥಾರ್‌ಗೆ ಮುಂದೆ ಟಾರ್ಷನ್ ಬಾರ್, 2020ರ ಥಾರ್‌ಗೆ ಕಾಯಿಲ್ ಸ್ಪ್ರಿಂಗ್. ಅಲ್ಲಿ ಕಿಂಗ್ ಪಿನ್ನಿನ ಬದಲು ಬಾಲ್ ಜಾಯಿಂಟ್ ನೋಡಬೇಕು, ಪರೀಕ್ಷೆಯ ಕ್ರಮ ಹೆಚ್ಚೂಕಡಿಮೆ ಇದೇ.

ಫ್ರಂಟ್ ಗೇರನ್ನು ವರ್ಷಗಟ್ಟಲೆ ಹಾಕದೆ ಬಿಡುವುದೂ ಗಾಡಿಗೆ ಒಳ್ಳೆಯದಲ್ಲ. ಸೀಲುಗಳ ತುಟಿ ಒಣಗುತ್ತದೆ, ಲಿವರ್ ತುಕ್ಕು ಹಿಡಿದು ಬೇಕಾದ ದಿನವೇ ಕದಲುವುದಿಲ್ಲ. ತಿಂಗಳಿಗೊಮ್ಮೆ ಮಣ್ಣಿನ ಬಂಡಿಜಾಡಿನಲ್ಲಿ ಒಂದೆರಡು ಕಿಲೋಮೀಟರ್ ಫ್ರಂಟ್ ಹಾಕಿ ಓಡಿಸಿದರೆ ಸಾಕು. ಡಾಂಬರಿನ ಮೇಲೆ ಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ದಾರಿ ಬೇರೆಯಾಗಿ ಗೇರ್ ಪೆಟ್ಟಿಗೆಯೊಳಗೆ ತಿರುಚು ಕೂಡುತ್ತದೆ.

ಇನ್ನು ಪಾಟಾ, ಅಂದರೆ ಲೀಫ್ ಸ್ಪ್ರಿಂಗಿನ ವಿಚಾರ. ಈರುಳ್ಳಿಯ, ಮೆಕ್ಕೆಜೋಳದ ಚೀಲ ಹೇರುವವರು ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಾರೆ. ಹೊರೆಗೆ ಅದು ಸರಿ. ಖಾಲಿ ಗಾಡಿ ಕಲ್ಲಿನ ದಾರಿಯಲ್ಲಿ ಹೋಗುವಾಗ ಮಾತ್ರ ಹೆಚ್ಚುವರಿ ಎಲೆ ಚಕ್ರವನ್ನು ನೆಲಕ್ಕೆ ಒರಗಲು ಬಿಡುವುದಿಲ್ಲ. ಗುಡೇಕೋಟೆಯ ಬಂಡೆಗಳ ನಡುವೆ ಗಾಡಿಯನ್ನು ದಾಟಿಸುವುದು ಸಲೀಸಾಗಿ ಬಾಗುವ ಸ್ಪ್ರಿಂಗು. ಆದ್ದರಿಂದ ಮೊದಲು ಮಾಡಬೇಕಾದದ್ದು ಇರುವ ಪಾಟಾ ಬಿಚ್ಚಿಸಿ, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಎಲೆಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಬುಷ್ಷು ಬದಲಿಸಿ ಕೂರಿಸುವುದು. ಯು-ಬೋಲ್ಟನ್ನು ಅಂದೇ ಒಮ್ಮೆ, ಕೆಲವು ದಿನ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಎರಡನೆಯ ಬಿಗಿತವನ್ನು ಮರೆತಾಗಲೇ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾರುವುದು.

ಹಿನ್ನೀರಿನ ಅಂಚಿನಲ್ಲಿ, ಮಳೆಗಾಲದ ಹಳ್ಳಗಳಲ್ಲಿ ಗಾಡಿ ಇಳಿಸುವವರು ಸಾಮಾನ್ಯವಾಗಿ ನೋಡುವುದು ಎಂಜಿನ್ ಕಡೆ. ಹಾನಿ ಆಗುವುದು ಆಕ್ಸಲ್ಲಿನೊಳಗೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರಿನ ಮೂಲಕವೋ ಸವೆದ ಸೀಲಿನ ಮೂಲಕವೋ ನೀರು ಒಳಗೆ ಸೇರುತ್ತದೆ. ಗೇರ್ ಆಯಿಲ್ ಹಾಲುಬಣ್ಣಕ್ಕೆ ತಿರುಗಿದರೆ ಕ್ರೌನ್ ಪಿನಿಯನ್ನಿನ ಆಯಸ್ಸು ಮುಗಿಯುತ್ತ ಬಂತೆಂದೇ ಲೆಕ್ಕ. ಪರಿಹಾರ ಅಗ್ಗದ್ದು. ಬ್ರೀದರಿನ ಮುಚ್ಚಳದ ಜಾಗಕ್ಕೆ ಒಂದು ನಿಪ್ಪಲ್ ಕೂರಿಸಿ, ಡೀಸೆಲ್ ಪೈಪಿನಂಥ ರಬ್ಬರ್ ಪೈಪನ್ನು ಕ್ಲಿಪ್ ಹಾಕಿ, ಸ್ಪ್ರಿಂಗ್ ಚಲನೆಗೆ ಸಿಗದಂತೆ ಚಾಸಿಗೆ ಕಟ್ಟಿ, ಎಂಜಿನ್ ಕೋಣೆಯ ಮೇಲ್ಭಾಗದವರೆಗೆ ಒಯ್ದು ತುದಿ ಕೆಳಮುಖವಾಗಿ ಬಿಡುವುದು. ಲೈಟ್ ಪಟ್ಟಿಯ ಬೆಲೆಯಲ್ಲಿ ಇಂಥ ಹತ್ತು ಗಾಡಿಗಳ ಕೆಲಸ ಆಗುತ್ತದೆ.

ಟೈರು ದಪ್ಪವಿದ್ದಷ್ಟೂ ಕೆಸರಿಗೆ ಒಳ್ಳೆಯದೆಂಬ ನಂಬಿಕೆಯನ್ನು ಎರೆಮಣ್ಣು ಒಪ್ಪುವುದಿಲ್ಲ. ನೀರು ಕುಡಿದು ಉಬ್ಬುವ ಈ ಜೇಡಿ ಟೈರಿನ ಕಚ್ಚುಗಳನ್ನು ತುಂಬಿಕೊಂಡು, ಮಡ್‌ಗಾರ್ಡಿನೊಳಗೆ ಗಡ್ಡೆಗಟ್ಟಿ, ಕೊನೆಗೆ ಚಕ್ರ ತಿರುಗಲೂ ಜಾಗ ಬಿಡುವುದಿಲ್ಲ. ಅಗಲವಾದ ಟೈರು ಮೇಲೆಮೇಲೆ ಜಾರುತ್ತದೆ. ಮೇಲ್ಪದರ ಮಾತ್ರ ನೆನೆದ ದಿನಗಳಲ್ಲಿ ಹಳೆಯ ಜೀಪಿನ 6.00-16ರ ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿ ತಳ ಮುಟ್ಟಿ ಹಿಡಿತ ಪಡೆಯುತ್ತದೆ. ಪೂರ್ತಿ ನೆನೆದ ಎರೆಹೊಲಕ್ಕೆ ಯಾವ ಟೈರೂ ಇಲ್ಲ. ಒಂದೆರಡು ಬಿಸಿಲು ಕಾಯುವ ರೈತರ ಕ್ರಮವೇ ಸರಿ. ಚಿಕ್ಕಹಗರಿಯ ಉಸುಕಿನಲ್ಲಿ ಗಾಳಿಯನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿದರೆ ಸ್ಟಾಕ್ ಟೈರೇ ಸಾಕಾಗುತ್ತದೆ. ಟ್ಯೂಬ್ ಟೈರಿನವರು ತೀರ ಕೆಳಗೆ ಇಳಿಸಬಾರದು, ರಿಮ್ಮಿನ ಮೇಲೆ ಟೈರ್ ಸರಿದು ವಾಲ್ವ್ ಕಿತ್ತುಬರುತ್ತದೆ. ಡಾಂಬರಿಗೆ ಹತ್ತುವ ಮುಂಚೆ ಗಾಳಿ ತುಂಬಲು ಬ್ಯಾಟರಿಗೆ ಕಚ್ಚಿಸುವ ಸಣ್ಣ ಕಂಪ್ರೆಸರ್ ಗಾಡಿಯಲ್ಲಿರಲಿ. ಜಾಲಿ ಮುಳ್ಳು ಚುಚ್ಚಿದಾಗಲೂ ಅದೇ ಕಂಪ್ರೆಸರ್, ಜೊತೆಗೊಂದು ಪಂಚರ್ ಕಿಟ್ಟು, ಮನೆ ಮುಟ್ಟಿಸುತ್ತವೆ.

ಬೆಳಕು ಬೇಡವೆಂದಲ್ಲ. ಹಳೆಯ ಜೀಪುಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಡ್ಯಾಶಿನ ಸ್ವಿಚ್ಚನ್ನು ಸುತ್ತಿ ಬರುವುದರಿಂದ ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೆ ಬಲ್ಬಿಗೆ ಹತ್ತೂವರೆ ಮುಟ್ಟುವುದೂ ಉಂಟು. ಅಷ್ಟರಲ್ಲೇ ಬೆಳಕಿನ ಸುಮಾರು ಮೂರನೇ ಒಂದು ಪಾಲು ಸೋರಿಹೋಗುತ್ತದೆ. ಎರಡು ರಿಲೇ, ಬ್ಯಾಟರಿಯ ಬಳಿಯೇ ಒಂದು ಫ್ಯೂಸ್, ದಪ್ಪ ವೈರು, ಚಾಸಿಗೆ ಉಜ್ಜಿ ಹೊಳಪಿಸಿ ಕೊಟ್ಟ ಅರ್ಥ್. ಇಷ್ಟಾದರೆ ಕಂಪನಿ ಕೊಟ್ಟ 60/55 ವ್ಯಾಟಿನ ಬಲ್ಬೇ ಹೊಸತರಂತೆ ಉರಿಯುತ್ತದೆ, ಕಾನೂನಿಗೂ ಅಡ್ಡಿಯಿಲ್ಲ. ಗುಡೇಕೋಟೆಯಲ್ಲಿ 2013ರಿಂದ ಕರಡಿಧಾಮವಿದೆ. ಕರಡಿಗಳು ಸಂಜೆಯಿಂದ ಬೆಳಗಿನವರೆಗೆ ಓಡಾಡುವ ಪ್ರಾಣಿಗಳು. ಆ ಹೊತ್ತಿನಲ್ಲಿ ಗುಡ್ಡದಂಚಿಗೆ ಪ್ರಖರ ಲೈಟು ಹಾಯಿಸುತ್ತ ಸುತ್ತುವುದನ್ನು ಯಾವ ಗಾಡಿಪ್ರೇಮವೂ ಸಮರ್ಥಿಸಲಾರದು. ಧಾಮದೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು.

ಹೂತ ಗಾಡಿಯನ್ನು ಎಳೆಯಲು ಇಲ್ಲಿ ವಿಂಚ್ ಬೇಕಿಲ್ಲ, ಕೂಗಳತೆಯಲ್ಲಿ ಟ್ರಾಕ್ಟರ್ ಸಿಗುತ್ತದೆ. ಬೇಕಾದದ್ದು ಚಾಸಿಗೆ ಬೋಲ್ಟ್ ಹಾಕಿದ ಗಟ್ಟಿ ಕೊಕ್ಕೆ, ಮುಂದೊಂದು ಹಿಂದೊಂದು. ಟೈ ರಾಡಿಗೋ ಬಂಪರಿಗೋ ಸರಪಳಿ ಕಟ್ಟಿ ಎಳೆದರೆ ಕಿತ್ತುಬಂದ ಕಬ್ಬಿಣ ಜನರ ಮೇಲೆ ಹಾರುತ್ತದೆ. ಅಗಲವಾದ ನೈಲಾನ್ ಬೆಲ್ಟ್ ಬಳಸಬೇಕು, ಎಳೆಯುವಾಗ ಯಾರೂ ಅದರ ಸಾಲಿನಲ್ಲಿ ನಿಲ್ಲಬಾರದು.

ಉಳಿದದ್ದು ಆರ್‌ಟಿಒ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿನ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮಕ್ಕೆ ಸೂಚಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದಿತು. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ. ಹದಿನೈದು ವರ್ಷ ದಾಟಿದ ಖಾಸಗಿ ಜೀಪಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು, ಅದೂ ಐದೈದು ವರ್ಷಕ್ಕೊಮ್ಮೆ ಕಟ್ಟಬೇಕಾದದ್ದು. ಹೊಸಪೇಟೆಯ ಕೆಎ-35 ಆಗಲಿ, ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದ್ದಾಗ ಪಡೆದ ಕೆಎ-17 ಆಗಲಿ, ತಪಾಸಣೆಗೆ ನಿಂತ ಹಳೆಯ ಜೀಪಿನಲ್ಲಿ ನೋಡುವುದು ಬ್ರೇಕು, ಲೈಟು, ಹೊಗೆ, ಸ್ಟೇರಿಂಗಿನ ಆಟ, ಚಾಸಿ ನಂಬರು. ಚಾಸಿ ನಂಬರಿನ ಮೇಲೆ ತುಕ್ಕು ಕೂತಿದ್ದರೆ ಹಿಂದಿನ ದಿನವೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳುವಾಗಿ ಗ್ರೀಸ್ ಸವರಿಟ್ಟುಕೊಳ್ಳುವುದು ಒಳ್ಳೆಯದು.