ಅರ್ಧ ಆಡಿದವರ ಮಾತು

ಪಾತ್ರಧಾರಣೆಯ ವೀಡಿಯೊ ಆಟಗಳ ವಿಷಯದಲ್ಲಿ, ಆಟವನ್ನು ಕೊನೆಮುಟ್ಟ ಆಡಿ ಮುಗಿಸಿದವನ ತೀರ್ಪಿಗಿಂತ, ಇನ್ನೂ ಅರ್ಧ ದಾರಿಯಲ್ಲಿ ನಿಂತಿರುವವನ ಮಾತಿಗೇ ನಾನು ಹೆಚ್ಚು ಆಸ್ಥೆಯಿಂದ ಕಿವಿಗೊಡುವವನು. ಮುಗಿಸಿದವನು ನ್ಯಾಯಾಧೀಶನಾಗಿಬಿಟ್ಟಿರುತ್ತಾನೆ, ಯಾವ ಬಾಗಿಲ ಹಿಂದೆ ಯಾವ ನಿಧಿಯಿದೆ, ಯಾವ ಮಂತ್ರಿ ದ್ರೋಹಿ, ಯಾವ ಖಡ್ಗ ಎಲ್ಲಕ್ಕಿಂತ ಹರಿತ ಎಂಬುದೆಲ್ಲ ಅವನಿಗೆ ಕರತಲಾಮಲಕವಾಗಿರುವುದರಿಂದ, ಅವನ ಸಂಭಾಷಣೆ ಗಂಟೆಗಳ ಲೆಕ್ಕ, ಮಟ್ಟಗಳ ಲೆಕ್ಕ, ಚಿತ್ರದ ನಯ, ಅಂತ್ಯದ ಒಗರು ಇಷ್ಟರಲ್ಲಿಯೇ ತೀರಿಹೋಗುತ್ತದೆ. ಆಡುತ್ತಿರುವವನಿಗಾದರೋ, ನಿನ್ನೆ ರಾತ್ರಿ ತಾನು ಕನಿಕರಿಸಿ ಬಿಟ್ಟುಕಳುಹಿಸಿದ ಶತ್ರು ನಾಳೆ ಉಪಕಾರಿಯಾಗಿ ಬಂದಾನೋ, ಊರಿಗೆ ಬೆಂಕಿಯಿಟ್ಟಾನೋ ತಿಳಿಯದು; ಆ ಅನಿಶ್ಚಯದ ನಡುವೆ ಅವನು ಆಟದ ಗುಣದೋಷಗಳನ್ನು ಹೇಳಹೊರಟು, ತನಗರಿವಿಲ್ಲದೆ ತನ್ನ ಸ್ವಭಾವವನ್ನೇ ಹೇಳಿಬಿಡುತ್ತಾನೆ.

ಈ ಜಾತಿಯ ಆಟ ಹುಟ್ಟಿದ್ದೇ ಮಾತಿನಿಂದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದನ್ನು ಪ್ರಕಟಿಸಿದಾಗ ಅದಕ್ಕೆ ಬೇಕಾಗಿದ್ದುದು ಒಂದು ಮೇಜು, ನಾಲ್ಕಾರು ಮಂದಿ ಸ್ನೇಹಿತರು, ಕಾಗದ, ಸೀಸದಕಡ್ಡಿ ಮತ್ತು ನಮ್ಮ ಪಗಡೆಯ ದಾಳಕ್ಕಿಂತ ಬಹು ಹೆಚ್ಚು ಮುಖಗಳುಳ್ಳ ದಾಳಗಳು. ಒಬ್ಬನು ಕಥೆ ಹೇಳುವನು, ಉಳಿದವರು ತಂತಮ್ಮ ಪಾತ್ರದ ಬಾಯಿಂದ ಉತ್ತರ ಕೊಡುವರು. 1981ರಲ್ಲಿ ‘ಅಲ್ಟಿಮಾ’, ‘ವಿಝರ್ಡ್ರಿ’ಗಳೂ 1986ರಲ್ಲಿ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ಕೂಡ ಬಂದ ಮೇಲೆ ಕಥೆ ಹೇಳುವವನ ಆಸನದಲ್ಲಿ ಯಂತ್ರ ಕುಳಿತಿತು; ಆಟಗಾರ ಏಕಾಂಗಿಯಾದ. ಆದ್ದರಿಂದ ಇಂದು ನಾಲ್ವರು ಆಟಗಾರರು ಒಂದೆಡೆ ಸೇರಿ, ನೀನು ಎಲ್ಲಿಯವರೆಗೆ ಬಂದೆ, ಅವನಿಗೆ ಏನೆಂದು ಉತ್ತರ ಕೊಟ್ಟೆ ಎಂದು ವಿಚಾರಿಸಿಕೊಳ್ಳುವುದು ಕಾಲಹರಣವೆಂದು ನನಗೆ ತೋರುವುದಿಲ್ಲ. ಯಂತ್ರ ಕಿತ್ತುಕೊಂಡ ಮೇಜನ್ನು ಅವರು ಮತ್ತೆ ಹಾಕಿಕೊಳ್ಳುತ್ತಿದ್ದಾರೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಒಂದೇ ರಸ್ತೆಯ ಮೇಲಿನ ಊರುಗಳಾದುದರಿಂದ ಇಂಥ ಮೇಜು ಆಗಾಗ ಸಿಂಧನೂರಿನ ಚಹದಂಗಡಿಯೊಂದರಲ್ಲಿ ಕೂಡುತ್ತದೆ. ಇಲ್ಲಿಯ ಹುಡುಗರಲ್ಲಿ ಬಹುಮಂದಿಗೆ ಆಟವೆಂದರೆ ಕೈಯಲ್ಲಿರುವ ಮೊಬೈಲು, ಮೊಬೈಲೆಂದರೆ ಗುಂಡು ಹಾರಿಸುವ ಆಟ. ಸ್ವಂತ ಕಂಪ್ಯೂಟರಿಟ್ಟುಕೊಂಡು ದೀರ್ಘಕಥೆಯ ಆಟಗಳನ್ನು ಹಿಡಿಯುವವರು ವಿರಳ. ಹಿರಿಯರಾದರೋ ‘ಗೇಮು’ ಎಂದ ಕೂಡಲೆ ರಮ್ಮಿಯಲ್ಲಿ ಹೊಲ ಕಳೆದುಕೊಂಡವನನ್ನು ನೆನೆದು ಹುಬ್ಬುಗಂಟಿಕ್ಕುತ್ತಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ ನಿಷೇಧಿಸಿದ್ದು ಹಣವೊಡ್ಡಿ ಆಡುವ ಆಟಗಳನ್ನು. ಕಥೆಯ ಆಟಕ್ಕೂ ಅದಕ್ಕೂ ಸಂಬಂಧವಿಲ್ಲವೆಂಬುದನ್ನು ತಂದೆತಾಯಿಗಳಿಗೆ ಇಲ್ಲಿ ಒಮ್ಮೆ ತಿಳಿಸಿ ಮುಂದುವರಿಯುತ್ತೇನೆ.

ಈಗ ನಮ್ಮ ಮೇಜಿನ ಮೇಲೆ ಅತ್ಯಂತ ಹೆಚ್ಚು ಮಾತಿಗೆ ವಸ್ತುವಾಗಿರುವುದು ಪ್ರಾಗ್ ನಗರದ ವಾರ್‌ಹಾರ್ಸ್ ಸಂಸ್ಥೆಯವರು 2018ರಲ್ಲಿ ಹೊರತಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’. ಇದರಲ್ಲಿ ಮಾಂತ್ರಿಕರಿಲ್ಲ, ಡ್ರ್ಯಾಗನ್ನುಗಳಿಲ್ಲ. 1403ರ ಬೊಹೀಮಿಯ ದೇಶ. ದೊರೆ ವೆನ್ಸೆಸ್ಲಾಸ್ ಸೆರೆಯಲ್ಲಿದ್ದಾನೆ. ಅವನ ತಮ್ಮ ಸಿಗಿಸ್ಮಂಡನ ಸೈನ್ಯ ಸ್ಕಾಲಿಟ್ಸ್ ಎಂಬ ಬೆಳ್ಳಿಗಣಿಯ ಊರನ್ನು ಸುಟ್ಟು ಬೂದಿಮಾಡುತ್ತದೆ. ಆ ಊರಿನ ಕಮ್ಮಾರನ ಮಗ ಹೆನ್ರಿ ಪ್ರಾಣ ಉಳಿಸಿಕೊಂಡು ಓಡುತ್ತಾನೆ. ಆ ಹೆನ್ರಿಯೇ ನಾವು. ಆದರೆ ಈ ಮಹಾದುರಂತಕ್ಕೆ ಮೊದಲು, ಕುಡುಕನೊಬ್ಬನಿಂದ ತಂದೆಗೆ ಬರಬೇಕಾದ ಬಾಕಿಯನ್ನು ವಸೂಲು ಮಾಡಿಕೊಂಡು ಬರುವ, ಇದ್ದಲು ತರುವ, ತಣ್ಣನೆಯ ಏಲ್ ಮದ್ಯ ತರುವ ಸಣ್ಣಪುಟ್ಟ ಕೆಲಸಗಳನ್ನು ಆಟ ನಮ್ಮಿಂದ ಮಾಡಿಸುತ್ತದೆ. ಕುಡುಕನನ್ನು ಹೊಡೆಯಬಹುದು, ಒಲಿಸಬಹುದು, ಅವನ ಮನೆ ಹೊಕ್ಕು ಕದಿಯಬಹುದು, ಗೆಳೆಯರನ್ನು ಕರೆತರಬಹುದು. ನಮ್ಮವರಲ್ಲಿ ಹಟ್ಟಿ ಗಣಿಯಲ್ಲಿ ಕೆಲಸ ಮಾಡುವವರೊಬ್ಬರಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಆ ಗಣಿ ದೇಶದಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿರುವ ಪ್ರಮುಖ ಗಣಿಯೆಂಬುದು ಓದುಗರಿಗೆ ಗೊತ್ತೇ ಇದೆ. ಅವರು ಕುಡುಕನ ಮೇಲೆ ಕೈಮಾಡಿ ತಾವೇ ಪೆಟ್ಟು ತಿಂದು ಬಂದರು. ಆದರೆ ಅವರ ಆಕ್ಷೇಪಣೆ ಬೇರೆಯದೇ. “ಸರ್, ಊರು ಬದುಕಾದು ಗಣಿ ಮ್ಯಾಲ ಅಂತಾರ, ಗಣ್ಯಾಗ ಇಳಿಯವರ ಮಾತು ಮಾತ್ರ ಭಾಳ ಕಮ್ಮಿ ಐತ್ರಿ” ಎಂದರು. ಆಟವನ್ನು ಕುರಿತು ನಾನು ಓದಿದ ಪಾಂಡಿತ್ಯದ ವಿಮರ್ಶೆಗಳಲ್ಲಿ ಈ ಮಾತು ಎಲ್ಲಿಯೂ ಸಿಕ್ಕಿರಲಿಲ್ಲ. 2025ರ ಫೆಬ್ರವರಿಯಲ್ಲಿ ಬಂದ ಎರಡನೆಯ ಭಾಗದಲ್ಲಿ ಕುಟ್ಟೆನ್‌ಬರ್ಗ್ ಎಂಬ, ಬೆಳ್ಳಿಯಿಂದಲೇ ಶ್ರೀಮಂತವಾದ ಮಹಾನಗರ ಅವರಿಗಾಗಿ ಕಾದಿದೆ. ಅಲ್ಲಿ ಅವರ ದೂರು ಪರಿಹಾರವಾದೀತೋ ಇಲ್ಲವೋ ಎಂಬುದನ್ನು ನಾನು ಬೇಕೆಂದೇ ಹೇಳಿಲ್ಲ.

ಈ ಆಟದ ಅತ್ಯುತ್ತಮ ಕಲ್ಪನೆಯೆಂದರೆ ಹೆನ್ರಿಯ ನಿರಕ್ಷರತೆ. ಮಸ್ಕಿಯ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ತಾಯಿಯೊಬ್ಬರು ಮೊದಲ ಪುಸ್ತಕ ತೆರೆದ ದಿನ ಯಂತ್ರ ಕೆಟ್ಟಿತೆಂದೇ ಭಾವಿಸಿದರಂತೆ. “ಅಕ್ಷರೆಲ್ಲ ಹಿಂದಮುಂದ ಆಗಿ ಕಾಣ್ತಾವ್ರಿ ಸರ್, ಅವನಿಗೆ ಓದಾಕ ಬರಂಗಿಲ್ಲಂತ ಆಮ್ಯಾಲ ತಿಳೀತು.” ಉಝಿಟ್ಸ್ ಎಂಬ ಹಳ್ಳಿಯ ಲಿಪಿಕಾರನಿಗೆ ಹಣ ತೆತ್ತು ಅಕ್ಷರಾಭ್ಯಾಸ ಮಾಡಿದರೆ, ಪದಗಳು ಸ್ವಲ್ಪಸ್ವಲ್ಪವಾಗಿ ನೆಟ್ಟಗಾಗುತ್ತ ಬರುತ್ತವೆ, ಮೊದಲು ಸಣ್ಣ ಪದಗಳು, ಅನಂತರ ವಾಕ್ಯಗಳು. ಆಟವನ್ನು ಮುಗಿಸಿದವರು ಇದನ್ನು ‘ಓದುವ ಕೌಶಲ್ಯ’ ಎಂದು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆ ತಾಯಿಯಾದರೋ ಅರ್ಧಮರ್ಧ ಓದುವ ಆ ಸ್ಥಿತಿಯಲ್ಲಿಯೇ ನಿಂತು, ತಮ್ಮೂರಿನ ಗುಡ್ಡದ ಬಂಡೆಯ ಕಡೆಗೆ ಮಾತನ್ನು ತಿರುಗಿಸಿದರು. ಅಶೋಕನ ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಲ್ಲಿ, ಅನೇಕ ಶಾಸನಗಳಲ್ಲಿ ‘ದೇವಾನಾಂಪಿಯ’ನೆಂಬ ಬಿರುದು ಮಾತ್ರ ದೊರೆಯುತ್ತಿದ್ದು, ಅವನು ಯಾರೆಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನವನ್ನು ಅರಸುತ್ತ ಬಂದು ಮಸ್ಕಿಯ ಬಂಡೆಯನ್ನು ಕಂಡ ಮೇಲೆಯೇ ಬಿರುದೂ ಅಶೋಕನೆಂಬ ಹೆಸರೂ ಒಂದೇ ಕಲ್ಲಿನ ಮೇಲೆ ಕೂಡಿ ನಿಂತವು. ಎಪ್ಪತ್ತೆಂಟು ವರ್ಷ ವಿದ್ವಾಂಸರು ಹೆನ್ರಿಯ ಹಾಗೆಯೇ ಓದುತ್ತಿದ್ದರೆಂದು ಆ ತಾಯಿ ತರಗತಿಯಲ್ಲಿ ಹೇಳಿದರಂತೆ. ಮಕ್ಕಳಿಗೆ ಆ ದಿನದ ಪಾಠ ಮರೆತಿರಲಾರದು.

ಇದೇ ಆಟದ ಇನ್ನೊಂದು ನಿಯಮ ನಮ್ಮ ಸೀಮೆಗೆ ವಿಶೇಷವಾಗಿ ಕ್ರೂರವಾದುದು. ಆಡಿದಷ್ಟನ್ನು ಉಳಿಸಿಡಬೇಕಾದರೆ ಹೆನ್ರಿ ಹಾಸಿಗೆ ಹುಡುಕಿ ಮಲಗಬೇಕು, ಇಲ್ಲವೆ ದುಬಾರಿಯಾದ ಒಂದು ಮದ್ಯವನ್ನು ಕುಡಿಯಬೇಕು. ಪ್ರಾಗಿನಲ್ಲಿ ಕುಳಿತು ಇದನ್ನು ಕಲ್ಪಿಸಿದ ಪುಣ್ಯಾತ್ಮರಿಗೆ ಮೇ ತಿಂಗಳ ರಾಯಚೂರು ಜಿಲ್ಲೆಯಲ್ಲಿ ಮಧ್ಯಾಹ್ನ ಎಷ್ಟು ಬಾರಿ ಕರೆಂಟು ಹೋಗುವುದೆಂಬುದು ಹೇಗೆ ತಿಳಿಯಬೇಕು? ಅನಂತರದ ಪರಿಷ್ಕರಣದಲ್ಲಿ ಆಟದಿಂದ ಹೊರಬೀಳುವಾಗ ಉಳಿಸಿಕೊಳ್ಳುವ ಸೌಕರ್ಯ ಬಂದಿದೆಯಾದರೂ, ಕರೆಂಟು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಉಳಿಸಿದ ಸ್ಥಳಕ್ಕೆ ಹಿಂದಿರುಗುವ ಪ್ರಶ್ನೆಯೇ ‘ಬಾಲ್ಡರ್ಸ್ ಗೇಟ್ 3’ ಆಡುತ್ತಿರುವ ಸಿಂಧನೂರಿನ ತರುಣನ ಮಾತಿನಲ್ಲಿಯೂ ಬಂದಿತು. ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆ 2023ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ ಈ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ನೇರ ವಂಶಜ. ಸಂವಾದದ ನಡುವೆ ಒಬ್ಬನನ್ನು ಒಲಿಸಬೇಕಾದಾಗ ತೆರೆಯ ಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಒಂದು ಬಿದ್ದರೆ ಎಂಥ ವಾಗ್ಮಿಯೂ ಸೋಲಲೇಬೇಕು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಈ ತರುಣನಿಗೆ ಒಂದು ಬಿದ್ದಿತು. ಅವನು ಉಳಿಸಬೇಕೆಂದಿದ್ದ ವ್ಯಕ್ತಿ ಸತ್ತನು. ಹಿಂದಿನ ಸೇವಿಗೆ ಹೋಗಿ ಮತ್ತೊಮ್ಮೆ ದಾಳ ಹಾಕಬಹುದಾಗಿತ್ತು. ಬಹುಮಂದಿ ಹಾಗೆಯೇ ಮಾಡುತ್ತಾರೆ. ಏಕೆ ಮಾಡಲಿಲ್ಲವೆಂದು ಕೇಳಿದರೆ, “ಡ್ಯಾಮಿನ ಗೇಟ್ ಹೋದಾಗ ಹಿಂದಿನ ಸೇವಿಗೆ ಹೋದ್ವೇನ್ರಿ?” ಎಂದನು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಎಡದಂಡೆ ಕಾಲುವೆಯನ್ನೇ ನಂಬಿ ನೆಲ್ಲು ಬೆಳೆಯುವ ಈ ತಾಲ್ಲೂಕು ಉಸಿರು ಬಿಗಿಹಿಡಿದುಕೊಂಡಿದ್ದ ದಿನಗಳನ್ನು ಕಂಡವನ ಮಾತದು. ಅನಂತರ ಅವನು, ಸತ್ತವರೊಡನೆ ಮಾತನಾಡುವ ಮಂತ್ರವೊಂದು ಆಟದಲ್ಲಿರುವುದನ್ನು ನೆನೆದು ಆ ಶವವನ್ನೇ ವಿಚಾರಿಸಿದನಂತೆ. ಶವಕ್ಕೆ ಐದು ಪ್ರಶ್ನೆಗಳನ್ನು ಮಾತ್ರ ಕೇಳಬಹುದು. ನಾಲ್ಕನ್ನು ತನಿಖೆಗೆ ಬಳಸಿ ಐದನೆಯದನ್ನು ಏನು ಕೇಳಬೇಕೆಂದು ತಿಳಿಯದೆ ಸುಮ್ಮನಾದೆನೆಂದು ಹೇಳಿದನು. ಈ ಆಟದ ಬಗೆಗೆ ಇನ್ನೂ ಬರೆಯಬಹುದು. ಆದರೆ ಆ ಐದನೆಯ ಪ್ರಶ್ನೆಗಿಂತ ಉತ್ತಮವಾದುದನ್ನು ನಾನು ಹೇಳಲಾರೆ.

ಲಿಂಗಸುಗೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಿಟ್ಟಿರುವ ಯುವಕ 2022ರ ‘ಎಲ್ಡನ್ ರಿಂಗ್’ನಲ್ಲಿ ಸಿಕ್ಕಿಬಿದ್ದಿದ್ದಾನೆ. ಈ ಜಪಾನೀ ಆಟ ತನ್ನ ಕಥೆಯನ್ನು ಹೇಳುವುದೇ ಇಲ್ಲ. ಎತ್ತಿಕೊಂಡ ಕತ್ತಿಯ ಕೆಳಗಿನ ವಿವರಣೆಯಿಂದ, ಪಾಳುಬಿದ್ದ ದೇಗುಲದ ವಿಗ್ರಹದಿಂದ ನಾವೇ ಕೂಡಿಸಿಕೊಳ್ಳಬೇಕು. ಲೋಕದ ಇತರ ಆಟಗಾರರು ಸಿದ್ಧಪದಗಳನ್ನು ಜೋಡಿಸಿ ನೆಲದ ಮೇಲೆ ಸಂದೇಶಗಳನ್ನು ಬಿಟ್ಟಿರುತ್ತಾರೆ; ಅವುಗಳಲ್ಲಿ ಕೆಲವು ಶುದ್ಧ ಸುಳ್ಳು. ಮುಂದೆ ಗುಪ್ತ ದಾರಿಯಿದೆ ಎಂಬ ಬರಹವನ್ನು ನಂಬಿ ಗೋಡೆಗೆ ಕತ್ತಿ ಬೀಸುತ್ತ ನಿಂತವನಿಗೆ, ಬರೆದವನು ಯಾವ ದೇಶದಲ್ಲಿ ಕುಳಿತು ನಗುತ್ತಿರುವನೋ ಎಂಬ ಚಿಂತೆ. ಆದರೂ ಅವನು ತಾನು ಬಿಡುವ ಸಂದೇಶಗಳಲ್ಲಿ ಸುಳ್ಳು ಹೇಳುವುದಿಲ್ಲವಂತೆ. ಗಿರಾಕಿಗಳು ಈ ಮಾತನ್ನು ಗಮನಿಸಬೇಕು.

ಮಸ್ಕಿಯ ವಿದ್ಯಾರ್ಥಿನಿಯೊಬ್ಬಳು ‘ಡಿಸ್ಕೊ ಎಲಿಸಿಯಮ್’ ಆಡುತ್ತಿದ್ದಾಳೆ. ಎಸ್ಟೋನಿಯದ ಲೇಖಕರು ಕಲ್ಪಿಸಿ 2019ರಲ್ಲಿ ಹೊರತಂದ ಈ ಕೃತಿಯಲ್ಲಿ ಕತ್ತಿಕಾಳಗದ ವ್ಯವಸ್ಥೆಯೇ ಇಲ್ಲ. ಕುಡಿತದಿಂದ ತನ್ನ ಹೆಸರನ್ನೂ ಮರೆತ ಪತ್ತೇದಾರನೊಬ್ಬ, ಅವನ ತಲೆಯೊಳಗೆ ವಾದಿಸುವ ಇಪ್ಪತ್ತನಾಲ್ಕು ಗುಣಗಳು: ತರ್ಕ ಒಂದು ಹೇಳಿದರೆ ಅನುಕಂಪ ಇನ್ನೊಂದು ಹೇಳುವುದು, ‘ವಿಶ್ವಕೋಶ’ವೆಂಬ ಗುಣವಾದರೋ ಯಾರಿಗೂ ಬೇಡದ ಸಮಯದಲ್ಲಿ ಯಾರಿಗೂ ಬೇಡದ ವಿಷಯವನ್ನು ತಿಳಿಸುವುದು. (ಅಂಕಣಕಾರರಲ್ಲಿಯೂ ಈ ಗುಣ ಬಲಿತಿರುತ್ತದೆ.) ಇವಳು ತರ್ಕವನ್ನು ತಗ್ಗಿಸಿ ಅನುಕಂಪವನ್ನು ಏರಿಸಿಕೊಂಡಿದ್ದರಿಂದ, ಸಾಕ್ಷಿಗಳ ದುಃಖವೆಲ್ಲ ತಿಳಿಯುತ್ತದೆಯೇ ಹೊರತು ಕೊಲೆಗಾರ ತಿಳಿಯುತ್ತಿಲ್ಲ, ಹೋಟೆಲಿನ ಹಿಂದಿನ ಮರದಲ್ಲಿ ನೇತಾಡುವ ಶವವನ್ನು ಕೆಳಗಿಳಿಸುವುದೇ ಇನ್ನೂ ಸಾಧ್ಯವಾಗಿಲ್ಲ. ಮನೆಯಲ್ಲಿ ಅಜ್ಜಿ ಪಕ್ಕದಲ್ಲಿ ಕುಳಿತು ಪ್ರತಿ ರಾತ್ರಿ “ಇಳಿಸಿದೇನವಾ?” ಎಂದು ಕೇಳುತ್ತಾರಂತೆ. ಹಗಲುವೇಷದವರು ಊರಿಗೆ ಬಂದು ದಿನಕ್ಕೊಂದು ವೇಷ ಕಟ್ಟಿ ಮನೆಮನೆಯ ಮುಂದೆ ನಿಲ್ಲುತ್ತಿದ್ದುದನ್ನು ಕಂಡ ಪೀಳಿಗೆ ಅದು. ವೇಷವೆಂಬುದನ್ನು ದಿನದಿನವೂ ನೋಡಬೇಕು, ನಾಳೆಯ ವೇಷವನ್ನು ಇಂದೇ ಕೇಳಬಾರದು ಎಂಬ ರಸಿಕತೆ ಅವರಲ್ಲಿ ಸಹಜವಾಗಿಯೇ ಇದೆ.

‘ಗೆನ್ಶಿನ್ ಇಂಪ್ಯಾಕ್ಟ್’ ಕುರಿತು ಹುಡುಗರು ಬಹಳ ಉತ್ಸಾಹದಿಂದ ಮಾತನಾಡಿದರು. ಚಿತ್ರ ಮನೋಹರ, ಸಂಗೀತ ಇನ್ನೂ ಮನೋಹರ. ಆದರೆ ಬೇಕಾದ ಪಾತ್ರ ಅದೃಷ್ಟದ ಎಳೆತದಲ್ಲಿ ಸಿಗಬೇಕು, ಸಿಗದಿದ್ದರೆ ದುಡ್ಡು ತೆತ್ತು ಮತ್ತೆ ಎಳೆಯಬೇಕು. ಪಾತ್ರವನ್ನು ಲಾಟರಿಯಲ್ಲಿ ಗೆಲ್ಲುವ ಆಟವನ್ನು ನಾನು ಶಿಫಾರಸು ಮಾಡಲಾರೆ.

ಮಾತು ಇಷ್ಟಾಗುವಾಗ ಹಟ್ಟಿಯವರು ಮುದಗಲ್ಲಿನ ಕೋಟೆಯನ್ನು ಎತ್ತಿದರು. ಅದೂ ಲಿಂಗಸುಗೂರು ತಾಲ್ಲೂಕಿನದೇ. ಹೆನ್ರಿಯ ಊರು ಉರಿದದ್ದು 1403ರಲ್ಲಿ. 1406ರಲ್ಲಿ, ಫೆರಿಷ್ತಾ ಎಂಬ ಇತಿಹಾಸಕಾರ ಬರೆದಿರುವಂತೆ, ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ನಿಮಿತ್ತವಾಗಿ ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ಯುದ್ಧವಾಯಿತು. ಅವಳಿಗೆ ಸಂಗೀತ ಕಲಿಸಿದ ಬ್ರಾಹ್ಮಣ ಯಾತ್ರಿಕ ವಿಜಯನಗರದ ದೇವರಾಯನಿಗೆ ಸುದ್ದಿ ಮುಟ್ಟಿಸಿದ, ಅರಸ ಅವನ ಕೈಯಲ್ಲಿಯೇ ಕಂಠಾಭರಣ ಕಳುಹಿಸಿದ, ತಂದೆತಾಯಿ ಹಿಗ್ಗಿದರು, ಅರಮನೆ ಹೊಕ್ಕ ಹೆಣ್ಣು ತವರನ್ನು ಮತ್ತೆ ಕಾಣಲಾರಳೆಂದು ಹುಡುಗಿ ಆ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ಅರಸ ಸೈನ್ಯ ಕಳುಹಿಸಿದ. ಅಷ್ಟರಲ್ಲಿ ಕುಟುಂಬ ಊರು ಬಿಟ್ಟಿತ್ತು. ಬಹಮನಿ ಸುಲ್ತಾನ ಫಿರೋಜ್ ಷಾ ಅದನ್ನೇ ನೆಪಮಾಡಿಕೊಂಡು ದಂಡೆತ್ತಿ ಬಂದ. ಕಥೆಯ ಐತಿಹಾಸಿಕತೆಯನ್ನು ವಿದ್ವಾಂಸರು ತೂಗಿಕೊಳ್ಳಲಿ; ಪಾತ್ರಧಾರಣೆಯ ಆಟಕ್ಕೆ ಇದಕ್ಕಿಂತ ಯೋಗ್ಯವಾದ ವಸ್ತು ಬೊಹೀಮಿಯದಲ್ಲಿಯೂ ಇಲ್ಲ. ಹಾರವನ್ನು ತಂದ ಯಾತ್ರಿಕನಾಗಿ ಆಡುವುದೋ, ಒಪ್ಪಿಗೆಯಿತ್ತ ತಂದೆಯಾಗಿ ಆಡುವುದೋ, ನಿರಾಕರಿಸಿದ ಮಗಳಾಗಿ ಆಡುವುದೋ? ಪೈರೊಡ್ಯಾಕ್ಟಿಲ್ ಎಂಬ ಭಾರತೀಯ ಸಂಸ್ಥೆಯೊಂದು 2014ರಲ್ಲಿ ‘ಅನ್‌ರೆಸ್ಟ್’ ಎಂಬ ಆಟ ಮಾಡಿ, ಪ್ರಾಚೀನ ಭಾರತವನ್ನು ಹೋಲುವ ಬರಪೀಡಿತ ನಗರದಲ್ಲಿ ಒಲ್ಲದ ಮದುವೆಯೆದುರು ನಿಂತ ರೈತರ ಹುಡುಗಿಯೇ ಮೊದಲಾದ ಹಲವರ ಪಾತ್ರಗಳನ್ನು ನಮ್ಮ ಕೈಗೆ ಕೊಟ್ಟಿತ್ತು. ಅಷ್ಟು ಮಟ್ಟಿಗೆ ದಾರಿ ಬಿದ್ದಿದೆ. ಬೆಂಗಳೂರಿನಲ್ಲಿ ಕುಳಿತು ಪರದೇಶದ ಆಟಗಳಿಗೆ ಚಿತ್ರ ಬರೆದುಕೊಡುತ್ತಿರುವ ಕನ್ನಡದ ಕುಶಲಿಗಳು ಒಂದು ಸಾರಿ ಮುದಗಲ್ಲಿಗೆ ಬರಲಿ. ಕೋಟೆಯನ್ನು ತೋರಿಸುವ ಹೊಣೆ ನಮ್ಮದು.

ಹೊಸದಾಗಿ ತೊಡಗುವವರು ‘ಅನ್‌ರೆಸ್ಟ್’ನಿಂದ ಆರಂಭಿಸುವುದು ಲೇಸು, ಚಿಕ್ಕ ಆಟ, ಹಳೆಯ ಕಂಪ್ಯೂಟರಿಗೂ ಸಾಕು. ಕಿಂಗ್‌ಡಮ್ ಕಮ್‌ಗೆ ಕೈಹಾಕುವವರು ಮೊದಲನೆಯ ಭಾಗವನ್ನೇ ಹಿಡಿಯಿರಿ, ಮಾರಾಟದ ಹಬ್ಬಗಳಲ್ಲಿ ಅದರ ಬೆಲೆ ಬಹಳ ಇಳಿಯುತ್ತದೆ. ಉಳಿಸಿದ ಆ ಹಣದಲ್ಲಿ ಒಂದು ಯುಪಿಎಸ್ ಕೊಳ್ಳಿರಿ.