ನಿದ್ದೆಯ ಲೆಕ್ಕ

ವೈಫೈ ಚಿಪ್ಪುಗಳಲ್ಲಿ ಇಎಸ್‌ಪಿ32 ನನಗೆ ಅಚ್ಚುಮೆಚ್ಚು. ಕೆಲಸ ಮಾಡುವ ರೀತಿಗಿಂತ ಮಲಗುವ ರೀತಿಗೆ. ಸಿಗ್ನಲ್ ಕಳಿಸುವಾಗ 240 ಮಿಲಿಆಂಪಿಯರ್‌ವರೆಗೆ ಕರೆಂಟ್ ಎಳೆಯುವುದು, ಡೀಪ್ ಸ್ಲೀಪಿಗೆ ಜಾರಿದರೆ ಸುಮಾರು 10 ಮೈಕ್ರೊಆಂಪಿಯರಿನಲ್ಲೇ ತೃಪ್ತ. ಒಳಗಿನ ಗಡಿಯಾರ, ಚೂರು ಮೆಮೊರಿ ಬಿಟ್ಟು ಉಳಿದದ್ದೆಲ್ಲ ಬಂದ್.

ಈ ಕುಂಭಕರ್ಣನನ್ನು ಬ್ಯಾಟರಿಯಲ್ಲಿ ಸಾಕುವುದೇ ಕಲೆ. ಎದ್ದ ಗಳಿಗೆಯಲ್ಲಿ ವೋಲ್ಟೇಜ್ ಕುಸಿದರೆ ಚಿಪ್ ರೀಸೆಟ್ ಆಗುತ್ತದೆ; ಅದಕ್ಕೇ ಪಕ್ಕದಲ್ಲೊಂದು ದೊಡ್ಡ ಕೆಪ್ಯಾಸಿಟರ್. ಮಲಗಿದಾಗ ಬರುವ ಕಳ್ಳ ಬೇರೆ: ಅಗ್ಗದ ಬೋರ್ಡುಗಳಲ್ಲಿ ಕೂತಿರುವ ಎಎಂಎಸ್1117 ರೆಗ್ಯುಲೇಟರ್. ಲೋಡ್ ಇರಲಿ ಬಿಡಲಿ, ತನ್ನ ಹೊಟ್ಟೆಗೇ ಸುಮಾರು 5 ಮಿಲಿಆಂಪಿಯರ್ ಬೇಕು. 2000 ಎಂಎಎಚ್ ಬ್ಯಾಟರಿ ಇದೊಂದರಿಂದಲೇ 17 ದಿನದೊಳಗೆ ಖಾಲಿ. ಚಿಪ್ಪಿನ ನಿದ್ದೆಯ ಖರ್ಚಷ್ಟೇ ಆಗಿದ್ದರೆ ಕಾಗದದ ಲೆಕ್ಕದಲ್ಲಿ 20 ವರ್ಷ ದಾಟುತ್ತಿತ್ತು. (ಅಷ್ಟರಲ್ಲಿ ಬ್ಯಾಟರಿಯೇ ಮುದಿಯಾಗಿ ಸತ್ತಿರುತ್ತದೆ, ಆ ಮಾತು ಬೇರೆ.) ಸಾಲದ್ದಕ್ಕೆ, ಯಾರೂ ನೋಡದ ಡಬ್ಬಿಯೊಳಗೆ ಹಗಲೂ ರಾತ್ರಿ ಉರಿಯುವ ಕೆಂಪು ಎಲ್‌ಇಡಿ!

ಎಂಸಿಪಿ1700 ಎಂಬ ಪುಟ್ಟ ರೆಗ್ಯುಲೇಟರ್ 1.6 ಮೈಕ್ರೊಆಂಪಿಯರ್ ತಿಂದು ಅದೇ ಕೆಲಸ ಮಾಡುತ್ತದೆ. ಅದರ ಮಿತಿ 250 ಮಿಲಿಆಂಪಿಯರ್, ಹಾಗಾಗಿ ಕೆಪ್ಯಾಸಿಟರ್ ಮಾತ್ರ ಬಿಡುವಂತಿಲ್ಲ. ಬೋರ್ಡಿಗೆ ಬ್ಯಾಟರಿ ಜೋಡಿಸುವ ಮುನ್ನ ರೆಗ್ಯುಲೇಟರಿನ ಬೆನ್ನ ಮೇಲಿನ ಅಕ್ಷರ ಒಮ್ಮೆ ಓದಿ ನೋಡಿ.